ಹನ್ನೆರಡು ಕೊಡ

2015ರಲ್ಲಿ ನಮ್ಮ ಚಿಂತಾಕಿ ಕಡೆ ಮಳೆ ಕೈಕೊಟ್ಟಿತು. ಸೋಯಾ ಮೊಣಕಾಲೆತ್ತರಕ್ಕೇ ಒಣಗಿತು. ಉದ್ದು, ಹೆಸರು ಬಿತ್ತಿದ ಬೀಜದಷ್ಟೂ ಕೈಗೆ ಬರಲಿಲ್ಲ. ಸಂಕ್ರಾಂತಿ ಹೊತ್ತಿಗೆ ಓಣಿಯ ಬಾವಿಯಲ್ಲಿ ಕೊಡ ಮುಳುಗುತ್ತಿರಲಿಲ್ಲ. ಶಿವರಾತ್ರಿ ದಾಟುವಷ್ಟರಲ್ಲಿ ಗುಡಿ ಹತ್ತಿರದ ಬೋರೂ ನಿಂತಿತು. ಅಪ್ಪ ಸಾಲ ಮಾಡಿ ಹೊಲದಲ್ಲಿ ಎರಡು ಬೋರ್ ಕೊರೆಸಿದ್ದ. ಎರಡನೆಯದರಲ್ಲಿ ಬರೀ ಬೂದಿಬಣ್ಣದ ಧೂಳು ಎದ್ದಿತು. ನಮ್ಮ ಔರಾದ್ ಸೀಮೆಯಲ್ಲಿ ಕಪ್ಪು ಮಣ್ಣಿನ ಕೆಳಗೆ ಕರಿಕಲ್ಲು. ಕಲ್ಲಿನ ಸೀಳಿನಲ್ಲಿ ನೀರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಾರ್ಚ್‌ನಲ್ಲಿ ಟ್ಯಾಂಕರ್ ಶುರುವಾಯಿತು. ದಿನ ಬಿಟ್ಟು ದಿನ, 5,000 ಲೀಟರ್. ಓಣಿಯಲ್ಲಿ 27 ಮನೆ. ಮೊದಲ ಎರಡು ಸಲ ಗದ್ದಲವಾಯಿತು. ರಟ್ಟೆ ಗಟ್ಟಿ ಇದ್ದವರು ಪೈಪ್ ಹಾಕಿ ಡ್ರಮ್ ತುಂಬಿಕೊಂಡರು. ಒಬ್ಬ ಹುಡುಗನ ತಲೆಗೆ ಕೊಡ ಬಡಿದು ರಕ್ತ ಬಂತು. ಅವತ್ತು ರಾತ್ರಿ ಹಿರಿಯರು ಗುಡಿ ಕಟ್ಟೆ ಮೇಲೆ ಕೂತು ಮಾತಾಡಿದರು. ಮನೆಗೆ 12 ಕೊಡ, ಸಣ್ಣ ಮನೆಯಾಗಲಿ ದೊಡ್ಡ ಮನೆಯಾಗಲಿ. ಪೈಪ್ ಹಾಕುವಂತಿಲ್ಲ. ಬಟ್ಟೆಗೆ ಈ ನೀರಿಲ್ಲ, ಅದಕ್ಕೆ ಊರಾಚೆಯ ಸವಳು ನೀರಿನ ಬಾವಿ. ನೆಂಟರು ಬಂದರೆ ಅವರ ನೀರೂ ಮನೆಯವರ ಪಾಲಿನಲ್ಲೇ. ಟ್ಯಾಂಕರಿನ ತಳದಲ್ಲಿ ಉಳಿದದ್ದು ದನದ ಹೌದಿಗೆ. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಲೆಕ್ಕ ಬರೆಯುವ ನೋಟ್‌ಬುಕ್ ನನ್ನ ಕೈಗೆ ಕೊಟ್ಟರು.

ನಮ್ಮ ಮನೆಯಲ್ಲಿ ಆರು ಜನ. ಕೊಡಕ್ಕೆ 15 ಲೀಟರ್ ಹಿಡಿದರೆ ಎರಡು ದಿನಕ್ಕೆ 180 ಲೀಟರ್. ತಲೆಗೆ ದಿನಕ್ಕೆ 15. ಹಳ್ಳಿಗಳಿಗೆ ಸರ್ಕಾರದ ಲೆಕ್ಕ ತಲೆಗೆ 55 ಲೀಟರ್ ಎಂದು ಆಮೇಲೆ ಓದಿದೆ. ಆಗ ಅದೆಲ್ಲ ಗೊತ್ತಿರಲಿಲ್ಲ. ಜಳಕ ಮೂರು ದಿನಕ್ಕೊಮ್ಮೆ ಆಯಿತು. ಸವಳು ನೀರಿಗೆ ಕಾಲು, ಕೈ ತುರಿಸುತ್ತಿದ್ದವು. ಹೆಂಗಸರು ಹಗಲು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆವು. ಉರಿಮೂತ್ರ ಹತ್ತಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಇತ್ತು.

ಅಪ್ಪ ಎತ್ತಿನ ಜೋಡಿಯನ್ನು ಸಂತೆಗೆ ಹೊಡೆದುಕೊಂಡು ಹೋದ. ದೇವಣಿ ಎತ್ತುಗಳು. ಬಂದ ಮೇಲೆ ಉಣ್ಣಲಿಲ್ಲ. ಎಷ್ಟಕ್ಕೆ ಹೋದವು ಎಂದು ನಾವೂ ಕೇಳಲಿಲ್ಲ.

ಆಗ ಲಾತೂರಿನಿಂದ ಸೋದರತ್ತೆ ಫೋನ್ ಮಾಡುತ್ತಿದ್ದಳು. ಅಲ್ಲಿ ನೀರು ತುಂಬುವ ಜಾಗಗಳಿಗೆ 144ನೇ ಕಲಂ ಹಾಕಿದ್ದರು. ಏಪ್ರಿಲ್ 12ಕ್ಕೆ ಮೀರಜಿನಿಂದ ರೈಲಿನಲ್ಲಿ ನೀರು ಬಂತು, ಮೊದಲ ಸಲ ಐದು ಲಕ್ಷ ಲೀಟರ್. ಲಾತೂರಿಗೆ ನೀರು ಕೊಡುತ್ತಿದ್ದುದೂ ಮಾಂಜ್ರಾ, ನಮ್ಮ ತಾಲೂಕಿನ ಅಂಚಿಗೆ ಹರಿದು ಬರುವುದೂ ಅದೇ ಮಾಂಜ್ರಾ. ಮೇಲೆ ಬತ್ತಿದ ಮೇಲೆ ಕೆಳಗೆ ಏನು ಬರಬೇಕು.

ಅಕ್ಕ ಭಾಲ್ಕಿ ಕಡೆಯಿಂದ ಹೆರಿಗೆಗೆ ಬಂದಿದ್ದಳು. ಏಪ್ರಿಲ್ ಕೊನೆಗೆ ಔರಾದ್ ಆಸ್ಪತ್ರೆಯಲ್ಲಿ ಹೆಣ್ಣು ಹುಟ್ಟಿತು. ಹೆರಿಗೆ ಸುಸೂತ್ರವಾಯಿತು. ಮೂರನೆಯ ದಿನ ಮನೆಗೆ ಕರೆದುಕೊಂಡು ಬಂದೆವು.

ಬಾಣಂತಿಗೆ ಬಿಸಿನೀರು ಬೇಕು. ನಮ್ಮಲ್ಲಿ ದಿನಾ ಎರಡು ಮೂರು ಕೊಡ ಸುರಿಯುತ್ತಾರೆ. ಅವ್ವ ಒಂದೇ ಕೊಡ ಕಾಯಿಸಿದಳು. ಅಕ್ಕನನ್ನು ಮಣೆ ಮೇಲೆ ಕೂರಿಸಿ, ಕೆಳಗೆ ದೊಡ್ಡ ಪರಾತ ಇಟ್ಟಳು. ಬೆನ್ನಿಗೆ ಚೊಂಬಿನಿಂದ ಧಾರೆ ಕಟ್ಟಿ ಬಿಟ್ಟಳು. ಪರಾತದಲ್ಲಿ ನಿಂತ ನೀರಿನಲ್ಲಿ ಕೂಸಿನ ದುಪ್ಪಟಿ ಹಿಂಡಿದಳು. ಅದೇ ನೀರನ್ನು ಸೋಸಿ ಬಚ್ಚಲ ಡ್ರಮ್ಮಿಗೆ ಹಾಕಿದಳು. ಎಣ್ಣೆ ಜಿಡ್ಡು ಮೇಲೆ ತೇಲುತ್ತಿತ್ತು. ಅಕ್ಕ ಏನೂ ಅನ್ನಲಿಲ್ಲ.

ವಾರದಲ್ಲಿ ಹಾಲು ಕಡಿಮೆಯಾಯಿತು. ಕೂಸು ರಾತ್ರಿಯಿಡೀ ಅಳುತ್ತಿತ್ತು. ಆಶಾ ಕಾರ್ಯಕರ್ತೆ ಬಂದು, "ನೀರ್ ಹೆಚ್ಚ್ ಕುಡೀಬೇಕವ್ವಾ" ಅಂದಳು. ಅಕ್ಕ ತಲೆಯಾಡಿಸಿದಳು. ನನಗೆ ಮೊದಲ ಸಲ ಹೆದರಿಕೆಯಾಯಿತು.

ಅವ್ವ ಕೇಳಿದಳು: "ಒಂದ್ ಕೊಡ ಹೆಚ್ಚ್ ತಗೊಂಡ್ ಬಾ. ಬರಿಯಾಕಿ ನೀನೇ ಇದ್ದಿ."

ನಾನು ಒಲ್ಲೆ ಅಂದೆ. ಅದಕ್ಕೆ ಕಾರಣವಿತ್ತು. ಹದಿನೈದು ದಿನ ಮೊದಲು ಎದುರು ಮನೆಯ ಆಯಿಯ ಕೊಡ ಹೊಸ್ತಿಲಲ್ಲಿ ಜಾರಿ ಬಿದ್ದಿತ್ತು. ಮಗ ಸೊಸೆ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಎರಡು ಮೊಮ್ಮಕ್ಕಳನ್ನು ಆಕೆಯೇ ನೋಡಿಕೊಳ್ಳುತ್ತಿದ್ದಳು. ಚೆಲ್ಲಿದ ಕೊಡಕ್ಕೆ ಬದಲು ಇನ್ನೊಂದು ಕೇಳಿದಳು. ನಾನು ನೋಟ್‌ಬುಕ್ ತೋರಿಸಿದೆ. ಹೆಸರಿನ ಮುಂದೆ 12 ಗೀಟು ಇದ್ದವು. ಆಕೆ ಜಗಳ ಮಾಡಲಿಲ್ಲ. "72ರ ಬರದಾಗ ಕಲ್ಲ್ ಒಡ್ದು ಕೆಂಪ್ ಜೋಳ ತಿಂದೀವಿ. ಅವಾಗ ಕೂಳಿರ್ಲಿಲ್ಲ, ನೀರಿತ್ತು," ಅಂದು ಖಾಲಿ ಕೊಡ ಎತ್ತಿಕೊಂಡು ಹೋದಳು.

ಮುಂದಿನ ಸಲ ಟ್ಯಾಂಕರ್ ಬಂದಾಗ ಎಲ್ಲರೂ ಹೋಗುವ ತನಕ ನಿಂತೆ. 27 ಮನೆಗೆ 12ರಂತೆ ಕೊಟ್ಟರೆ 140 ಲೀಟರ್ ಉಳಿಯಬೇಕು. ಸೋರಿ, ಚೆಲ್ಲಿ ಎರಡು ಮೂರು ಕೊಡ ಉಳಿಯುತ್ತಿತ್ತು. ಅದು ದನದ್ದು. ನಾನು ಒಂದು ಕೊಡ ಹಿಡಿದೆ. ತಳದ ನೀರು, ತುಕ್ಕಿನ ಬಣ್ಣ. ಡ್ರೈವರ್ ನೋಡಿ ಬೀಡಿ ಹಚ್ಚಿಕೊಂಡ. ನಮ್ಮ ಹೆಸರಿನ ಮುಂದೆ 12 ಗೀಟು ಎಳೆದೆ. ಇದೇ ರೀತಿ ಎಂಟು ಸಲ ಮಾಡಿದೆ. ಎರಡೆರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಕಾಯಿಸಿ ಅಕ್ಕನಿಗೆ ಜಳಕಕ್ಕೆ ಹಾಕಿದೆವು. ಅವಳ ಜಳಕದ ಒಳ್ಳೆ ನೀರು ಕುಡಿಯಲು ಉಳಿಯಿತು. ಹಾಲು ನಿಧಾನಕ್ಕೆ ಹೆಚ್ಚಿತು.

ಅದರ ನಡುವೆ ಒಂದು ಸಂಜೆ ಎದುರು ಮನೆಯ ಆಯಿ ಸೆರಗಿನಲ್ಲಿ ಮುಚ್ಚಿಕೊಂಡು ಅರ್ಧ ಕೊಡ ನೀರು ತಂದಳು. ಬಾಣಂತಿಗೆ ಅಂದಳು. ನಾನು ಕಟ್ಟೆ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದೆ. "ಇದೇನ್ ಬರ್ಕೊಬ್ಯಾಡ ತಂಗಿ," ಅಂದಳು. ನಾನು ತಲೆ ಎತ್ತಲಿಲ್ಲ. ಅವ್ವನೇ ಇಸಿದುಕೊಂಡಳು.

ಮೇ ಮಧ್ಯದಲ್ಲಿ ಆಕೆಯ ಮಗ ಬಂದು ಮೂವರನ್ನೂ ಹೈದರಾಬಾದಿಗೆ ಕರೆದುಕೊಂಡು ಹೋದ. ನೋಟ್‌ಬುಕ್ಕಿನಲ್ಲಿ ಆ ಮನೆಯ ಸಾಲಿಗೆ ಅಡ್ಡಗೆರೆ ಎಳೆದೆ. ಆ ಮನೆಯ 12 ಕೊಡವನ್ನು ಹಿರಿಯರು ಬಾಣಂತಿ, ಕಾಯಿಲೆ ಇದ್ದ ಮನೆಗಳಿಗೆ ಹಂಚಿದರು. ನಮಗೆ ಎರಡು ಬಂದವು. ಅದನ್ನು ಬರೆದೆ.

ಜೂನಿನಲ್ಲಿ ಮಳೆ ಹಿಡಿಯಿತು. ಸೆಪ್ಟೆಂಬರಿನಲ್ಲಿ ಎಷ್ಟು ಸುರಿಯಿತೆಂದರೆ ಕಾರಂಜಾ ಡ್ಯಾಮಿಗೂ ನೀರು ಬಂತು, ಮಾಂಜ್ರಾ ಎರಡೂ ದಡ ಹಿಡಿದು ಹರಿಯಿತು. ಹೊಲದ ಉದ್ದು ನೀರಿನಲ್ಲಿ ನಿಂತು ಕೊಳೆಯಿತು. ಅವ್ವ ಮಾತ್ರ ಅಕ್ಕಿ ತೊಳೆದ ನೀರನ್ನು ಇನ್ನೂ ಬಕೀಟಿನಲ್ಲೇ ಹಿಡಿಯುತ್ತಿದ್ದಳು.

ಆಯಿ ದೀಪಾವಳಿಗೆ ಬಂದಳು. ಬಾಗಿಲ ಬೀಗಕ್ಕೆ ತುಕ್ಕು ಹಿಡಿದಿತ್ತು, ಅಪ್ಪ ಕಲ್ಲಿನಿಂದ ಒಡೆದು ತೆಗೆದ. ನಾನು ಬಾವಿಯಿಂದ ಎರಡು ಕೊಡ ಸೇದಿ ಆಕೆಯ ಒಳಮನೆಯಲ್ಲಿ ಇಟ್ಟು ಬಂದೆ. ದನದ ನೀರಿನ ಮಾತು ಹೇಳಬೇಕೆಂದು ಹೋಗಿದ್ದೆ. ಆಕೆ ಕೂಸನ್ನು ನೋಡಬೇಕು ಅಂದಳು. ಅಕ್ಕ ಭಾಲ್ಕಿಗೆ ಹೋಗಿ ತಿಂಗಳಾಯಿತು ಎಂದಷ್ಟೇ ಹೇಳಿದೆ.