ಆಸ್ರಿಗೆ ಎಂತ ಬೇಕು?

ನಮ್ಮ ಆಫೀಸಿಗೆ ಈಗ ಮೊದಲು ಬಾಟಲಿಗಳು ಬರುತ್ತವೆ, ಅವುಗಳ ಹಿಂದೆ ಜನ ಬರುತ್ತಾರೆ. ಎರಡು ಲೀಟರು ಹಿಡಿಯುವ, ಹಿಡಿಕೆ ಇರುವ, ಸ್ಟ್ರಾ ಸಿಕ್ಕಿಸಿದ ಬಾಟಲಿಗಳು. ಮೈತುಂಬ ಗಂಟೆವಾರು ಗೆರೆ. ಒಂಬತ್ತಕ್ಕೆ ಇಲ್ಲಿಯ ತನಕ, ಹನ್ನೊಂದಕ್ಕೆ ಇಲ್ಲಿಯ ತನಕ, ಊಟದ ಹೊತ್ತಿಗೆ 'ಶಾಭಾಷ್, ಇನ್ನರ್ಧ ಅಷ್ಟೇ' ಎಂಬ ಹುರಿದುಂಬಿಕೆ ಬೇರೆ. ಪಕ್ಕದ ಟೇಬಲ್ಲಿನ ಹುಡುಗಿಯ ಫೋನು ಆಗಾಗ ನಲ್ಲಿ ತೊಟ್ಟಿಕ್ಕುವ ಸದ್ದು ಮಾಡುತ್ತದೆ. ಆಗ ಕುಡಿಯದಿದ್ದರೆ ಪರದೆಯ ಮೇಲಿರುವ ಪುಟ್ಟ ಗಿಡ ಬಾಡುತ್ತದಂತೆ. ಗಿಡ ಸಾಯಬಾರದೆಂದು ಆಕೆ ಮೀಟಿಂಗಿನ ನಡುವೆಯೂ ಗಟಗಟ ಕುಡಿಯುತ್ತಾಳೆ, ಸ್ವಲ್ಪ ಹೊತ್ತಿಗೆ ಮೀಟಿಂಗಿನ ನಡುವೆಯೇ ಎದ್ದು ಹೋಗುತ್ತಾಳೆ. ಬಾಸು ಹುಬ್ಬು ಗಂಟಿಕ್ಕುವುದು ಎರಡನೆಯದಕ್ಕೆ ಮಾತ್ರ.

ದಿನಕ್ಕೆ ಎಂಟು ಲೋಟ ಎಂಬ ಈ ಮಂತ್ರದ ಮೂಲ ಹುಡುಕುತ್ತ ಹೋದವರೊಬ್ಬರಿದ್ದರು, ಹೈನ್ಸ್ ವಾಲ್ಟಿನ್ ಅಂತ. ಅಮೆರಿಕದ ಡಾರ್ಟ್‌ಮತ್ ವೈದ್ಯಕೀಯ ಕಾಲೇಜಿನಲ್ಲಿ ಮೂತ್ರಪಿಂಡವನ್ನೇ ಅಭ್ಯಾಸ ಮಾಡುತ್ತಿದ್ದ ಮನುಷ್ಯ. ಆರೋಗ್ಯವಾಗಿದ್ದು, ತಂಪು ಹವೆಯಲ್ಲಿ ಕೂತು ಕೆಲಸ ಮಾಡುವವರು ಎಂಟು ಲೋಟ ಕುಡಿಯಲೇಬೇಕು ಅನ್ನುವುದಕ್ಕೆ ಆಧಾರವೇ ಸಿಗಲಿಲ್ಲ ಎಂದು ಅವರು 2002ರಲ್ಲಿ ಬರೆದರು. 1945ರಲ್ಲಿ ಅಲ್ಲಿಯ ಆಹಾರ ಮಂಡಳಿ ವಯಸ್ಕರಿಗೆ ದಿನಕ್ಕೆ ಎರಡೂವರೆ ಲೀಟರು ನೀರು ಸಾಕೆಂದು ಹೇಳಿತ್ತು. ಅದರ ಬಹುಪಾಲು ಉಣ್ಣುವ ಅಡುಗೆಯಲ್ಲೇ ಇರುತ್ತದೆ ಎಂದೂ ಬೆನ್ನಿಗೇ ಹೇಳಿತ್ತು. ಜನ ಮೊದಲನೆಯ ಮಾತು ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಟ್ಟಿರಬೇಕು ಎಂದು ವಾಲ್ಟಿನ್‌ರ ಗುಮಾನಿ. (ಕಿಡ್ನಿಯಲ್ಲಿ ಕಲ್ಲಾದವರು, ಬಿಸಿಲಲ್ಲಿ ದುಡಿಯುವವರು ಇದನ್ನು ಓದಿ ಲೋಟ ಕೆಳಗಿಡಬೇಡಿ. ನೀವು ಜಾಸ್ತಿಯೇ ಕುಡಿಯಬೇಕು.)

ಆ ಎರಡನೆಯ ಮಾತು ಓದಿದಾಗ ನನಗೆ ಸಾಗರದ ಕಡೆಯ ನಮ್ಮ ಮನೆಯ ಊಟದ ಪಂಕ್ತಿ ನೆನಪಾಯಿತು. ಅಜ್ಜಿ ಕೂತು ಒಂದು ಲೋಟ ನೀರು ಪೂರ್ತಿ ಕುಡಿದದ್ದನ್ನು ನಾನು ಕಂಡವನಲ್ಲ. ಆದರೆ ಬೆಳಿಗ್ಗೆ ಗಂಜಿ. ಮಧ್ಯಾಹ್ನ ಒಂದೆಲಗದ ತಂಬುಳಿ, ಅದರ ಮೇಲೆ ಸಾರು, ಅದರ ಮೇಲೆ ನೀರುಮಜ್ಜಿಗೆ. ಅಪ್ಪೆಮಿಡಿಯ ಕಾಲದಲ್ಲಿ ಅಪ್ಪೆಹುಳಿ: ಬೇಯಿಸಿ ಕಿವುಚಿದ ಮಿಡಿ, ಸೂಜಿಮೆಣಸು, ಇಂಗಿನ ಒಗ್ಗರಣೆ, ಮಿಕ್ಕಿದ್ದೆಲ್ಲ ನೀರೇ. ಅದನ್ನು ಬೊಗಸೆಯಲ್ಲಿ ಹಾಕಿಸಿಕೊಂಡು ಸುರ್ರೆಂದು ಹೀರಿದರೆ ಜಗಲಿಯ ಕಂಬಕ್ಕೆ ಒರಗುವಷ್ಟರಲ್ಲಿ ನಿದ್ದೆ. ಆ್ಯಪಿನ ಲೆಕ್ಕದಲ್ಲಿ ಅಜ್ಜಿಯ ಗಿಡ ಎಂದೋ ಒಣಗಿ ಸೌದೆಯಾಗಿರುತ್ತಿತ್ತು. ಅಜ್ಜಿ ಮಾತ್ರ ತೊಂಬತ್ತು ದಾಟಿದಳು.

ಬರಿ ನೀರು ಬೇಕಾಗುತ್ತಿದ್ದದ್ದು ಬಂದವರಿಗೆ. ಅಂಗಳದಲ್ಲಿ ಚಪ್ಪಲಿಯ ಸದ್ದು ಕೇಳಿದರೆ ಅಮ್ಮ ಒಳಗಿನಿಂದಲೇ "ಆಸ್ರಿಗೆ ಎಂತ ಬೇಕು?" ಎನ್ನುತ್ತಿದ್ದಳು. ಆಸರು ಅಂದರೆ ನಮ್ಮ ಕಡೆ ಬಾಯಾರಿಕೆ. ಕೇಳುವುದು ಮರ್ಯಾದೆಗೆ, ಉತ್ತರ ಬರುವ ಮೊದಲೇ ತಾಮ್ರದ ತಂಬಿಗೆಯಲ್ಲಿ ಬಾವಿಯ ನೀರು, ತಟ್ಟೆಯಲ್ಲಿ ಬೆಲ್ಲದ ಚೂರು ಜಗಲಿಗೆ ಬಂದಿರುತ್ತಿದ್ದವು. ಬಂದವರು ಸಾಲ ವಸೂಲಿಗೆ ಬಂದವರಾದರೂ ಸರಿ. ಬೆಲ್ಲ ಬಾಯಲ್ಲಿರುವಾಗ ಬಡ್ಡಿಯ ಮಾತೆತ್ತುವುದು ಯಾರಿಗೂ ಕಷ್ಟ. ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು. ಪೇಟೆಯ ನೆಂಟರು ಎತ್ತಿದರೆ ಅರ್ಧ ಬಾಯಿಗೆ, ಅರ್ಧ ಇಸ್ತ್ರಿ ಮಾಡಿದ ಅಂಗಿಗೆ. ನಾವು ಹುಡುಗರು ಅದನ್ನು ನೋಡಲೆಂದೇ ಬಾಗಿಲ ಸಂದಿಯಲ್ಲಿ ಕಾಯುತ್ತಿದ್ದೆವು.

ಹೀಗೆ ಊರಿಗೆಲ್ಲ ಆಸರಿಗೆ ಕೊಟ್ಟ ಅಮ್ಮ ಪ್ರಯಾಣದ ದಿನ ತಾನೊಂದು ಹನಿ ಕುಡಿಯುತ್ತಿರಲಿಲ್ಲ. ಬೆಂಗಳೂರಿಗೆ ರಾತ್ರಿ ಬಸ್ಸೆಂದರೆ ಮಧ್ಯಾಹ್ನದ ಊಟಕ್ಕೇ ಮಜ್ಜಿಗೆ ಬಿಟ್ಟಾಯಿತು, ಸಂಜೆಯ ಚಹಾ ಬೇಡವಾಯಿತು. ನಮಗೆಲ್ಲ ಬಾಟಲಿ ತುಂಬಿಸಿ ಚೀಲದ ಬದಿಗೆ ತುರುಕಿದವಳು ಅವಳೇ, ಮುಚ್ಚಳ ಸರಿಯಾಗಿ ತಿರುಗಿಸಿದೆಯಾ ಎಂದು ನೋಡಿದವಳೂ ಅವಳೇ. ಅರಸೀಕೆರೆಯ ಆಚೀಚೆ ಎಲ್ಲೋ ಬಸ್ಸು ನಿಂತರೆ ಗಂಡಸರು ಇಳಿದು ಕತ್ತಲೆಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಿದ್ದರು. ಹೆಂಗಸರು ಸೆರಗು ಹೊದ್ದು, ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ಒಂದು ಬಸ್ಸಿನಲ್ಲಿ ಅಷ್ಟು ಜನಕ್ಕೆ ಏಕಕಾಲಕ್ಕೆ ನಿದ್ದೆ ಹೇಗೆ ಬರುತ್ತದೆಂದು ನನಗೆ ಆಗ ಹೊಳೆಯುತ್ತಿರಲಿಲ್ಲ. ಮದುವೆಮನೆಗಳಲ್ಲೂ ಇದೇ ಕಥೆ. ಪಾನಕದ ಕೊಳಗದ ಪಕ್ಕದಲ್ಲೇ ನಿಂತು ಬಡಿಸುತ್ತಿದ್ದವರ ಬಾಯಿ ಒಣಗಿರುತ್ತಿತ್ತು. ಮತ್ತೆ ಮತ್ತೆ ಉರಿಮೂತ್ರವಾಗಿ ಡಾಕ್ಟರ ಹತ್ತಿರ ಹೋದಾಗ ಅವರು, "ನೀರು ಚೆನ್ನಾಗಿ ಕುಡೀಬೇಕಮ್ಮಾ" ಎಂದರು. ಅಮ್ಮ ಶಾಂತವಾಗಿ, "ಕುಡಿದು ಎಲ್ಲಿಗೆ ಹೋಗ್ಲಿ ಡಾಕ್ಟ್ರೆ?" ಎಂದಳು. ಅವರು ಚೀಟಿಯಲ್ಲಿ ಮಾತ್ರೆಯ ಹೆಸರು ಬರೆದರು.

ಈಗ ಅಮ್ಮ ಬೆಂಗಳೂರಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ಹೋಗುವುದಕ್ಕೆ ಜಾಗವಿದೆ, ಟೈಲ್ಸ್ ಹಾಸಿ ಫಿನಾಯಿಲು ಹಾಕಿ ತೊಳೆದ ಜಾಗ. ಆದರೆ ಬಾಯಾರಿಕೆಯೇ ಹೋಗಿದೆ. ರಕ್ತ ಶೇ. 1–2ರಷ್ಟು ಗಟ್ಟಿಯಾದರೂ ಸಾಕು, ಮಿದುಳಿನ ಹೈಪೋಥಲಾಮಸ್ಸಿಗೆ ಗೊತ್ತಾಗಿ ಬಾಯಾರುತ್ತದೆ; ನೀರು ಹೊರಗೆ ಬಿಡಬೇಡವೆಂದು ಮೂತ್ರಪಿಂಡಕ್ಕೆ ಅಪ್ಪಣೆಯೂ ಹೋಗುತ್ತದೆ. ವಯಸ್ಸಾದಂತೆ ಈ ಎಚ್ಚರ ಮಂಕಾಗುತ್ತದಂತೆ, ಮೈಗೆ ನೀರು ಬೇಕಿದ್ದರೂ ನಾಲಿಗೆಗೆ ಸುದ್ದಿ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಮುದುಕರು ಇದ್ದಕ್ಕಿದ್ದಂತೆ ತಲೆ ತಿರುಗಿ ಬೀಳುವುದಕ್ಕೆ, ಮಾತು ಅಡ್ಡಾದಿಡ್ಡಿಯಾಗುವುದಕ್ಕೆ ಎಷ್ಟೋ ಸಲ ಇದೂ ಒಂದು ಕಾರಣ. ಹೆಂಡತಿ ಅಮ್ಮನಿಗೂ ಒಂದು ಗೆರೆ ಬಾಟಲಿ ತಂದಳು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಾಲ್ಕನಿಯ ತುಳಸಿಗೆ ನೀರು ಹಾಕಲು ಇಟ್ಟುಕೊಂಡಳು. ಸಂಜೆ ನೋಡಿದರೆ ಬಾಟಲಿ ಆರು ಗಂಟೆಯ ಗೆರೆಯ ತನಕ ಕರೆಕ್ಟಾಗಿ ಖಾಲಿ. ನಾನು ಲೋಟ ಹಿಡಿದು ಹಿಂದೆ ಹೋದರೆ "ಆಸ್ರೇ ಆಜಿಲ್ಲೆ ಮಾರಾಯ" ಎಂದು ಕೈಯಾಡಿಸುತ್ತಾಳೆ.

ಕೊನೆಗೆ ಸಿಕ್ಕ ಉಪಾಯ ಬಹಳ ಸುಲಭದ್ದು. "ಅಮ್ಮಾ, ನಂಗೆ ಆಸರಾತು" ಎನ್ನಬೇಕು. ಮಂಡಿನೋವು ಮರೆತು ಎದ್ದು ಅಡುಗೆಮನೆಗೆ ಹೋಗುತ್ತಾಳೆ. ನಿಂಬೆ ಹಿಂಡಿ, ಸಕ್ಕರೆ ಕದಡಿ, ಚಿಟಿಕೆ ಉಪ್ಪು ಹಾಕಿ, ಏಲಕ್ಕಿ ಗುದ್ದಿ ಶರಬತ್ತು ಮಾಡುತ್ತಾಳೆ. ಬಂದವನೊಬ್ಬನೇ ಕುಡಿಯುವುದು ಅವಳ ಶಾಸ್ತ್ರದಲ್ಲಿಲ್ಲ, ಹಾಗಾಗಿ ತನಗೂ ಒಂದು ಲೋಟ. ಉಪ್ಪು ಸಕ್ಕರೆ ಜೊತೆಯಾಗಿ ಹೋದರೆ ಸಣ್ಣಕರುಳು ನೀರನ್ನೂ ಜೊತೆಗೆಳೆದುಕೊಳ್ಳುತ್ತದೆ. ಓಆರ್‌ಎಸ್ ಪೊಟ್ಟಣದ ಗುಟ್ಟು ಇದೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ಸಲೈನು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಈ ನೀರನ್ನೇ ಡ್ರಮ್ಮುಗಳಲ್ಲಿ ಕಲಸಿ ಇಡಿಸಿದರು. ರೋಗಿಗಳಿಗೆ ಲೋಟ ಲೋಟ ಕುಡಿಸಿದವರು ಬಹುಪಾಲು ಅವರವರ ಮನೆಯವರೇ.

ಮೊನ್ನೆ ಮಧ್ಯಾಹ್ನ ಪಾರ್ಸೆಲ್ಲಿನ ಹುಡುಗ ಬಂದ. ಹೆಲ್ಮೆಟ್ಟಿನೊಳಗಿಂದ ಬೆವರು ಗಲ್ಲಕ್ಕಿಳಿದಿತ್ತು. "ಓಟಿಪಿ ಹೇಳ್ರಿ" ಎಂದ. ಅಮ್ಮ ನನ್ನನ್ನು ಬದಿಗೆ ಸರಿಸಿ, "ಆಸ್ರಿಗೆ ಎಂತ ಬೇಕು ತಮಾ?" ಎಂದಳು. ರಾಯಚೂರು ಕಡೆಯವನು. ಮಾತು ಅರ್ಥವಾಗದೆ ನನ್ನ ಮುಖ ನೋಡಿದ. ತಂಬಿಗೆ ಕಂಡದ್ದೇ ಅರ್ಥವಾಯಿತು. ಹೆಲ್ಮೆಟ್ಟು ತೆಗೆದು ಶೂ ರ‍್ಯಾಕಿನ ಮೇಲಿಟ್ಟ, ಬೆಲ್ಲ ಬಾಯಿಗೆ ಹಾಕಿಕೊಂಡ, ಕತ್ತು ಹಿಂದಕ್ಕೆ ಚೆಲ್ಲಿ ಗೇಣೆತ್ತರದಿಂದ ಸುರಿದುಕೊಂಡ. ಒಂದು ಹನಿ ಅಂಗಿಗೆ ಬೀಳಲಿಲ್ಲ. "ಇನ್ನೊಂದು ತಂಬಿಗಿ ಕೊಡ್ರಿ ಅಮ್ಮಾರ" ಎಂದ. ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಳ್ಳತೊಡಗಿತು. ಮುಂದಿನ ಆರ್ಡರಿನವರು, ಯಾಕಿಷ್ಟು ತಡವೆಂದು ಕೂಗಾಡುತ್ತಿದ್ದದ್ದು ನಮಗೂ ಕೇಳುತ್ತಿತ್ತು.

"ಅವ್ರಿಗೂ ಬರಕ್ಕೆ ಹೇಳು," ಎಂದಳು ಅಮ್ಮ ಒಳಗಿನಿಂದ, "ಮಜ್ಜಿಗೆ ಇದ್ದು."