ಮ್ಯಾಚ್‌ಗೆ ಮುಂಚೆ ಒಂದು ಕ್ಯಾನ್?

ನಾನು ಹತ್ತನೇ ಕ್ಲಾಸಿನಲ್ಲಿ ಓದುತ್ತಿದ್ದೇನೆ. ಆರು ವರ್ಷದಿಂದ ಸಾಕರ್ ಆಡ್ತಾ ಇದ್ದೀನಿ. ಈಗ ಹೈಸ್ಕೂಲ್ ಟೀಮಿನಲ್ಲಿ ಮಿಡ್‌ಫೀಲ್ಡ್ ನನ್ನ ಜಾಗ, ಅಂದ್ರೆ ಆಟ ಮುಗಿಯೋವರೆಗೂ ಓಡ್ತಾನೇ ಇರಬೇಕು.

ನೀವೂ ಯಾವುದಾದರೂ ಟೀಮಿನಲ್ಲಿದ್ದರೆ, ಮ್ಯಾಚ್‌ಗೆ ಮುಂಚೆ ಎಷ್ಟು ಜನರ ಕೈಯಲ್ಲಿ ಎನರ್ಜಿ ಡ್ರಿಂಕ್ ಇರುತ್ತೆ ಅಂತ ನೋಡಿರ್ತೀರಿ. ನಮ್ಮಲ್ಲಿ ಅರ್ಧಕ್ಕರ್ಧ ಹುಡುಗಿಯರು ಕುಡೀತಾರೆ. "ನೀನೂ ಕುಡಿ, ಸೆಕೆಂಡ್ ಹಾಫಲ್ಲಿ ಸುಸ್ತೇ ಆಗಲ್ಲ" ಅಂತ ನನಗೂ ಕೊಡೋಕೆ ಬರ್ತಾರೆ. ನನ್ನ ಜಾಗಕ್ಕೆ ಇನ್ನಿಬ್ಬರು ಕಾಯ್ತಾ ಇದ್ದಾರೆ, ಇಬ್ಬರೂ ಕುಡಿಯುವವರೇ. ಹಾಗಾಗಿ ನನಗೆ ಇದು ಬರೀ ಸೈನ್ಸ್ ಪಾಠ ಅಲ್ಲ.

ಕೆಫೀನ್‌ನಿಂದ ಏನೂ ಆಗಲ್ಲ ಅಂತ ನಾನು ಹೇಳಲ್ಲ, ಯಾಕಂದ್ರೆ ಅದು ಸುಳ್ಳು. ದೊಡ್ಡ ಆಟಗಾರರ ಮೇಲೆ ಬೇಕಾದಷ್ಟು ಅಧ್ಯಯನ ನಡೆದಿದೆ. ತೂಕದ ಒಂದೊಂದು ಕಿಲೋಗೆ 3ರಿಂದ 6 ಮಿಲಿಗ್ರಾಂ ಕೆಫೀನನ್ನು ಆಟಕ್ಕೆ ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಂಡರೆ ಓಟ, ಜಿಗಿತ ಸ್ವಲ್ಪ ಚುರುಕಾಗುತ್ತೆ. ಸ್ವಲ್ಪ ಅಷ್ಟೇ, ಅದೂ ಎಲ್ಲರಿಗೂ ಒಂದೇ ಥರ ಅಲ್ಲ. ಹಿಂದೆ ಒಂದು ಮಿತಿ ಮೀರಿದರೆ ಇದನ್ನೂ ಉದ್ದೀಪನ ಮದ್ದು ಅಂತಲೇ ಲೆಕ್ಕ ಹಿಡೀತಿದ್ದರು. 2004ರಲ್ಲಿ 'ವಾಡಾ' ಸಂಸ್ಥೆ ಕೆಫೀನನ್ನು ನಿಷೇಧದ ಪಟ್ಟಿಯಿಂದ ತೆಗೆಯಿತು. ಆದರೂ ಅದರ ಮೇಲೆ ಕಣ್ಣಿಟ್ಟಿದೆ. ಇಲ್ಲಿ ಅಮೆರಿಕದ ಕಾಲೇಜ್ ಆಟಗಾರರಿಗೆ ಎನ್‌ಸಿಎಎ ಈಗಲೂ ಒಂದು ಮಿತಿ ಇಟ್ಟಿದೆ.

ಅದು ಹೇಗೆ ಕೆಲಸ ಮಾಡುತ್ತೆ ಗೊತ್ತಾ? ದಿನವಿಡೀ ನಮ್ಮ ಮೆದುಳಿನಲ್ಲಿ ಅಡೆನೊಸಿನ್ ಅನ್ನೋದು ಸೇರ್ತಾ ಹೋಗುತ್ತೆ. ಅದು ತನ್ನ ಸೀಟಿನಲ್ಲಿ ಕೂತರೆ ನಮಗೆ ಸುಸ್ತು, ನಿದ್ದೆ. ಊರಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡೀತಾರಲ್ಲ, ಕೆಫೀನ್ ಮಾಡೋದು ಅದನ್ನೇ. ಅಡೆನೊಸಿನ್ ಪಾಪ, ನಿಂತೇ ಇರುತ್ತೆ. ಸುಸ್ತು ಬಸ್ಸಿನಿಂದ ಇಳಿದು ಹೋಗಿರಲ್ಲ, ಸೀಟ್ ಸಿಕ್ಕಿರಲ್ಲ ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಟೀಮಲ್ಲಿ ಓಡಾಡೋ 16 ಔನ್ಸ್ ಕ್ಯಾನ್ ಹಿಂದೆ 160 ಮಿಲಿಗ್ರಾಂ ಕೆಫೀನ್ ಅಂತ ಬರೆದಿದೆ. ನನ್ನ ತೂಕ 50 ಕಿಲೋ. ಮಕ್ಕಳಿಗೆ ಇಡೀ ದಿನಕ್ಕೆ ಕಿಲೋಗೆ 2.5 ಮಿಲಿಗ್ರಾಂ ಮೀರಬಾರದು ಅಂತ ಕೆನಡಾದ ಆರೋಗ್ಯ ಇಲಾಖೆ ಹೇಳುತ್ತೆ. ಅಂದ್ರೆ ನನಗೆ 125. ಒಂದೇ ಕ್ಯಾನ್ ಅದನ್ನು ದಾಟಿಬಿಡುತ್ತೆ! ನನ್ನ ತಮ್ಮ 30 ಕಿಲೋ ಇದ್ದಾನೆ, ಅವನಿಗೆ 75. ಇಲ್ಲಿನ ಮಕ್ಕಳ ಡಾಕ್ಟರುಗಳ ಸಂಘವಂತೂ ಮಕ್ಕಳಿಗೆ ಎನರ್ಜಿ ಡ್ರಿಂಕ್ ಬೇಡವೇ ಬೇಡ ಅಂತ 2011ರಲ್ಲೇ ಹೇಳಿದೆ.

(ಅಪ್ಪ ಅಮ್ಮಂದಿರಿಗೆ ಒಂದು ಮಾತು: ಸ್ಪೋರ್ಟ್ಸ್ ಡ್ರಿಂಕ್ ಬೇರೆ, ಎನರ್ಜಿ ಡ್ರಿಂಕ್ ಬೇರೆ. ಮೊದಲನೆಯದರಲ್ಲಿ ಮುಖ್ಯವಾಗಿ ನೀರು, ಸಕ್ಕರೆ, ಉಪ್ಪು. ಎರಡೂ ಅಂಗಡಿಯಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ. ದಯವಿಟ್ಟು ಹಿಂದೆ ತಿರುಗಿಸಿ ಓದಿ.)

ಕಳೆದ ಸೀಸನ್ನಿನಲ್ಲಿ ನಮ್ಮ ಟೀಮಿನ ಒಬ್ಬಳು ಮ್ಯಾಚ್ ಮಧ್ಯದಲ್ಲಿ ಕೈ ಎತ್ತಿ ಹೊರಗೆ ಬಂದಳು. ಎದೆ ಡವಡವ ಅಂತಿದೆ, ಕೈ ನಡುಗ್ತಿದೆ ಅಂದಳು. ಅವತ್ತು ಎರಡು ಕ್ಯಾನ್ ಕುಡಿದಿದ್ದಳಂತೆ. ಬೆಂಚಿನಲ್ಲಿ ನನ್ನ ಪಕ್ಕ ಕೂತಾಗ ಅವಳ ಬಾಟಲಿಯ ಮುಚ್ಚಳ ನಾನೇ ತೆಗೆದುಕೊಟ್ಟೆ. ಅವಳಿಗೆ ಅಮೇಲೆ ಸರಿಹೋಯಿತು. ಆದರೆ ನನಗೆ ಕ್ಯಾನ್ ಬೇಡ ಅನ್ನೋದು ಅವತ್ತೇ ಪಕ್ಕಾ ಆಯಿತು.

ಇನ್ನೊಂದು ಕಾರಣ ನಿದ್ದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗೋಕೆ ದೊಡ್ಡವರಿಗೇ ಸುಮಾರು ಐದು ಗಂಟೆ ಬೇಕು. ಸಂಜೆ ಐದೂವರೆಗೆ ಕ್ಯಾನ್ ಕುಡಿದರೆ ರಾತ್ರಿ ಹತ್ತೂವರೆಗೆ ಇನ್ನೂ 80 ಮಿಲಿಗ್ರಾಂ ಒಳಗಿರುತ್ತೆ, ಒಂದು ಕಪ್ ಕಾಫಿ ಕುಡಿದು ಮಲಗಿದ ಹಾಗೆ. ಟೂರ್ನಮೆಂಟ್‌ನಲ್ಲಿ ಮಾರನೇ ದಿನ ಬೆಳಿಗ್ಗೆ ಎಂಟಕ್ಕೇ ಮತ್ತೆ ಮ್ಯಾಚ್ ಇದ್ದರೆ? ಅದಕ್ಕೇ ನಾನು ಬಾಳೆಹಣ್ಣು, ನೀರು ತಗೊಂಡು ಹೋಗ್ತೀನಿ, ರಾತ್ರಿ ಬೇಗ ಮಲಗ್ತೀನಿ. ನನ್ನ ಜಾಗ ಉಳಿಯುತ್ತೋ ಇಲ್ಲವೋ ಮುಂದಿನ ತಿಂಗಳು ಗೊತ್ತಾಗುತ್ತೆ.

ಅಮ್ಮನ ಊರು ಚಿಕ್ಕಮಗಳೂರು, ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದರು ಅನ್ನೋ ಕಥೆಯ ಊರು. ಮನೆಯಲ್ಲಿ ದಿನಾ ಡಿಕಾಕ್ಷನ್ ಘಮ ಇಲ್ಲದೆ ಬೆಳಗಾಗಲ್ಲ. ಆದರೂ ನಮಗೆ ಸಿಗೋದು ಹಾಲು. "ಮಕ್ಕಳು ಕಾಫಿ ಕುಡಿದರೆ ಕಪ್ಪಗಾಗ್ತಾರೆ" ಅಂತಾರೆ ಅಜ್ಜಿ. ಕಪ್ಪಗಾದರೆ ಏನೀಗ ಅಂತ ನಾನು ಜಗಳ ಆಡ್ತೀನಿ. ಕಾರಣ ತಪ್ಪು, ಆದರೆ ಹಾಲು ಕೊಟ್ಟಿದ್ದು ಸರಿ.

ಈಗ ಅಂಗಡಿಗೆ ಹೋದರೆ ತಮ್ಮ ಕಂಡ ಕಂಡ ಕ್ಯಾನೆಲ್ಲ ತಿರುಗಿಸಿ ಮಿಲಿಗ್ರಾಂ ಓದ್ತಾನೆ. ಹೋದ ವಾರ ಮನೆಯ ಕಾಫಿಪುಡಿ ಪ್ಯಾಕೆಟ್ಟನ್ನೂ ತಿರುಗಿಸಿದ. ಅದರಲ್ಲಿ ನಂಬರೇ ಇರಲಿಲ್ಲ. "ಅಪ್ಪಾ, ನೀವು ದಿನಾ ಎಷ್ಟು ಮಿಲಿಗ್ರಾಂ ಕುಡೀತೀರಾ?" ಅಂದ. ಅಪ್ಪ ಅವತ್ತು ಮೂರನೇ ಲೋಟದಲ್ಲಿದ್ದರು.