ಲಕ್ಷ ಜನರ ನಡುವೆ ಒಬ್ಬ ಮೊಮ್ಮಗ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅಕ್ಟೋಬರ್ ಬಂತೆಂದರೆ ಮರಗಳಿಗೆಲ್ಲ ಬಣ್ಣ ಬರುತ್ತದೆ. ಮೇಪಲ್ ಎಲೆಗಳು ಕುಂಕುಮದಂತೆ ಕೆಂಪಾಗಿ, ಬರ್ಚ್ ಎಲೆಗಳು ಅರಿಶಿನವಾಗಿ, ಕೆಲವೇ ವಾರಗಳಲ್ಲಿ ಎಲ್ಲ ಉದುರಿ ರಸ್ತೆಯಂಚಿನಲ್ಲಿ ರಾಶಿ ಬೀಳುತ್ತವೆ. ಮಗಳ ಮನೆಗೆ ಹೋಗಿದ್ದ ನನಗೆ ಸಂಜೆಯ ವಾಕಿಂಗ್‌ನಲ್ಲಿ ಮೂವರು ಗೆಳೆಯರು ಸಿಕ್ಕಿದ್ದರು: ಹಾಸನದ ರಾಯರು, ಅವರ ಮನೆಯವರು, ಉಡುಪಿಯ ಗಣಿತದ ಮೇಷ್ಟ್ರು. ರಾಯರ ಮನೆಯವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು.

ಅಕ್ಕನ ಮೊಮ್ಮಗ ಆನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. ಅಲ್ಲಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. “ನಮ್ಮೂರ ವಾಲಗದವರ ಹಾಗೇನೋ?” ಎಂದು ಅಕ್ಕ ಕೇಳಿದ್ದರಂತೆ. ಆ ಬ್ಯಾಂಡಿನಲ್ಲಿ ಸುಮಾರು 400 ಮಂದಿ ಇದ್ದಾರೆ. ಎಲ್ಲರಿಗೂ ಪ್ರತಿ ಪಂದ್ಯದಲ್ಲೂ ಮೈದಾನಕ್ಕಿಳಿಯುವ ಭಾಗ್ಯವಿಲ್ಲ. ಈ ಹುಡುಗನಿಗೆ ಆ ಶನಿವಾರ ಮೊದಲ ಸಲ ಅವಕಾಶ ಸಿಕ್ಕಿತ್ತು. ಅಕ್ಕ ಮಂಗಳವಾರ ಊರಿಗೆ ಹೊರಡುವವರು. ಅವರ ಮಂಡಿನೋವು ನೋಡಿದರೆ ಮತ್ತೆ ಅಷ್ಟು ದೂರ ಬರುವುದು ಅನುಮಾನವೇ. ಹಾಗಾಗಿ ರಾಯರ ಮಗ ನಮ್ಮೆಲ್ಲರಿಗೂ ಟಿಕೆಟ್ ಮಾಡಿಸಿ, ಬೆಳಗ್ಗೆಯೇ ಕಾರಿನಲ್ಲಿ ಕರೆದುಕೊಂಡು ಹೊರಟರು.

ಊರು ಸಮೀಪಿಸುತ್ತಿದ್ದಂತೆ ಕಂಡಿದ್ದೆಲ್ಲ ಹಳದಿ ಮತ್ತು ನೀಲಿ. ಅಂಗಿ, ಟೊಪ್ಪಿ, ಮಕ್ಕಳ ಕೆನ್ನೆ, ಒಂದು ನಾಯಿಯ ಕೊರಳಪಟ್ಟಿ ಕೂಡ! ಮನೆಯವರು ತಮ್ಮ ಅಂಗಳದ ಹುಲ್ಲಿನ ಮೇಲೆ ದುಡ್ಡಿಗೆ ಕಾರು ನಿಲ್ಲಿಸಿಕೊಳ್ಳುತ್ತಿದ್ದರು. ಜಾತ್ರೆಯ ದಿನ ತೇರುಬೀದಿಯ ಜಗಲಿಗಳಿಗೆ ಬೆಲೆ ಬರುವುದಿಲ್ಲವೇ, ಹಾಗೆ. ಸುತ್ತಲಿನವರು ಕಾರಿನ ಹಿಂಬಾಗಿಲು ತೆರೆದು, ಒಲೆ ಹಚ್ಚಿ ಅಡುಗೆಗಿಳಿದಿದ್ದರು. ನಾವೂ ಚಿತ್ರಾನ್ನದ ಬುತ್ತಿ ಬಿಚ್ಚಿದೆವು. ಪಕ್ಕದ ಕಾರಿನ ಅಜ್ಜ ಬಿಸಿ ಸೇಬಿನ ರಸ ಕೊಟ್ಟ, ನಮ್ಮ ಚಿತ್ರಾನ್ನದ ಕಡಲೆಬೀಜವನ್ನು ಹುಡುಕಿ ಹುಡುಕಿ ತಿಂದ.

ಮಕ್ಕಳೇ, ಆ ಕ್ರೀಡಾಂಗಣ ಹೊರಗಿನಿಂದ ಅಂಥ ಎತ್ತರವೇನೂ ಕಾಣುವುದಿಲ್ಲ. 1927ರಲ್ಲಿ ಅದನ್ನು ಕಟ್ಟಿದಾಗ ಹೆಚ್ಚಿನ ಭಾಗವನ್ನು ನೆಲದೊಳಗೆ, ಬೋಗುಣಿಯ ಹಾಗೆ ತೋಡಿ ಮಾಡಿದರು. ಬಾಗಿಲು ದಾಟಿದರೆ ನಾವು ಮೇಲಿನ ಸಾಲುಗಳಲ್ಲೇ ನಿಂತಿರುತ್ತೇವೆ, ಮೈದಾನ ಎಲ್ಲೋ ಕೆಳಗೆ. ಅಲ್ಲಿ 1,07,601 ಜನ ಕೂರಬಹುದು. ಆ ಕೊನೆಯ ಒಂದು ಸೀಟು ಹಿಂದೆ ಇಲ್ಲಿ ತರಬೇತುದಾರರಾಗಿದ್ದ ಫ್ರಿಟ್ಜ್ ಕ್ರಿಸ್ಲರ್ ಅವರ ಗೌರವಕ್ಕಂತೆ. ಅದು ಯಾವ ಸೀಟೆಂದು ಯಾರೂ ಹೇಳುವುದಿಲ್ಲ. ಮೇಷ್ಟ್ರು ತಮ್ಮದೇ ಇರಬೇಕೆಂದು ಕೂತರು. ನಮ್ಮ ಸಾಲು ಮೇಲೆಯೇ ಇದ್ದುದರಿಂದ ಅಕ್ಕ ಇಳಿಯಬೇಕಾಗಿದ್ದು ಹನ್ನೊಂದು ಮೆಟ್ಟಿಲು. ಒಂದೊಂದಕ್ಕೂ ನಿಂತು ಇಳಿದರು.

ಪಂದ್ಯಕ್ಕೆ ಮೊದಲು ಸುರಂಗದಂಥ ದಾರಿಯಿಂದ ಬ್ಯಾಂಡಿನವರು ಓಡುತ್ತಾ ಬಂದರು. ಮುಂದಾಳು ಹಿಂದಕ್ಕೆ ಬಾಗಿ, ತಲೆಯನ್ನು ನೆಲಕ್ಕೆ ಮುಟ್ಟಿಸಿದ. ಇಡೀ ಕ್ರೀಡಾಂಗಣ ಹೋ ಎಂದಿತು. ಅಕ್ಕನಿಗೆ ಮಾತ್ರ ಕಣ್ಣೀರು ಬರುವುದೊಂದು ಬಾಕಿ. ಎಲ್ಲರಿಗೂ ಒಂದೇ ಅಂಗಿ, ಒಂದೇ ಟೊಪ್ಪಿ. ಅಷ್ಟು ದೂರದಿಂದ ಎಲ್ಲರೂ ಇರುವೆ ಗಾತ್ರ. “ಇದ್ರಲ್ಲಿ ನಮ್ಮ ಹುಡ್ಗ ಯಾವನ್ರೀ?”

ಮೊಮ್ಮಗ ಜಾಣ. ಹಿಂದಿನ ವಾರವೇ ಒಂದು ಕಾಗದದಲ್ಲಿ ಇಂಗ್ಲಿಷಿನ ‘ಎಂ’ ಅಕ್ಷರ ಬರೆದು, ಒಂದು ಕಾಲಿನ ಬುಡದಲ್ಲಿ ಚುಕ್ಕಿ ಇಟ್ಟು ಕೊಟ್ಟಿದ್ದ. ಬ್ಯಾಂಡಿನವರು ಆ ಅಕ್ಷರದ ಆಕಾರದಲ್ಲಿ ನಿಂತಾಗ ತಾನು ಅಲ್ಲಿರುತ್ತೇನೆಂದು. ಅಕ್ಕ ಸೆರಗಿನ ಗಂಟಿನಿಂದ ಕಾಗದ ತೆಗೆದರು. ಆದರೆ ಮೈದಾನದಲ್ಲಿ ಮೂಡಿದ ಅಕ್ಷರಕ್ಕೂ ಕಾಗದಕ್ಕೂ ಹೊಂದಲೇ ಇಲ್ಲ. ರಾಯರು ಎಡ ಎಂದರು, ಮಗ ಬಲ ಎಂದರು. ಅಷ್ಟರಲ್ಲಿ ಬ್ಯಾಂಡು ನಡೆಯಲು ಶುರುಮಾಡಿತು.

“ಕಾಗದ ತಿರುಗಿಸಿ ಮಾರಾಯ್ರೆ!” ಎಂದು ಮೇಷ್ಟ್ರು ಕೂಗಿದರು. “ನಾವು ಆಚೆ ಬದಿ ಕೂತಿದ್ದೇವೆ, ಅಕ್ಷರ ನಮಗೆ ತಲೆಕೆಳಗು!”

ತಿರುಗಿಸಿದರು. ಚುಕ್ಕಿ ನಮ್ಮಿಂದ ದೂರದ ಬಲಮೂಲೆಗೆ ಬಂತು. ಅಲ್ಲಿ ಹಳದಿ ತುತ್ತೂರಿಯೊಂದು ಬಿಸಿಲಿಗೆ ಮಿಂಚುತ್ತಾ ಸಾಗುತ್ತಿತ್ತು. ಅಕ್ಕ ಮಂಡಿಯನ್ನು ಮರೆತು ಎದ್ದು ನಿಂತರು, ಆ ಮೂಲೆಯಿಂದ ಕಣ್ಣು ಕೀಳಲಿಲ್ಲ. ಲೂಯಿಸ್ ಎಲ್ಬೆಲ್ ಎಂಬ ವಿದ್ಯಾರ್ಥಿ 1898ರಲ್ಲಿ ಬರೆದ ‘ದಿ ವಿಕ್ಟರ್ಸ್’ ಹಾಡಿಗೆ ಲಕ್ಷ ಮುಷ್ಟಿಗಳು ಮೇಲೇರುತ್ತಿದ್ದವು. ಅವುಗಳಲ್ಲಿ ಬಳೆ ತೊಟ್ಟ ಮುಷ್ಟಿಯೂ ಒಂದಿತ್ತು.

ಆಟದ ಬಗ್ಗೆ ಹೇಳದಿದ್ದರೆ ನೀವು ಬೈಯುತ್ತೀರಿ. ಹೆಸರು ಫುಟ್‌ಬಾಲ್ ಆದರೂ ಚೆಂಡು ಹೆಚ್ಚಾಗಿ ಕೈಯಲ್ಲೇ. ಆಕಾರ ಸುಲಿದ ತೆಂಗಿನಕಾಯಿಯದು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಆರು ಅಂಕ. ಗಡಿಯಾರದಲ್ಲಿ 60 ನಿಮಿಷದ ಆಟ, ಮುಗಿಯಲು ಮೂರು ಗಂಟೆಗೂ ಹೆಚ್ಚು! ಈ ಲೆಕ್ಕ ಮೇಷ್ಟ್ರಿಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ನನಗೆ ಕಬಡ್ಡಿಯೇ ವಾಸಿ ಅನ್ನಿಸಿತು. ಅಂದಹಾಗೆ, ನಮ್ಮ ಕಡೆಯವರು ಗೆದ್ದರು.

ಜನ ಕರಗಿದ ಮೇಲೆ ಹುಡುಗ ಬಂದ, ಟೊಪ್ಪಿ ಕಂಕುಳಲ್ಲಿ, ಹಣೆಯೆಲ್ಲ ಬೆವರು. ಜೊತೆಗೆ ಡೋಲಿನ ಇಬ್ಬರು ಗೆಳೆಯರು.

“ಅಜ್ಜಿ, ನಾನು ಕಂಡೆನಾ?” ತಡವರಿಸುವ ಕನ್ನಡದಲ್ಲಿ ಕೇಳಿದ.

“ಕಾಣದೆ ಏನೋ! ತಿರುಗುವಾಗ ಒಂದು ಹೆಜ್ಜೆ ತಡ ಮಾಡ್ದೆ” ಎಂದರು ಅಕ್ಕ.

ಹುಡುಗ ಬಾಯಿ ತೆರೆದು ನಿಂತ. ಅದು ಅವನ ಬ್ಯಾಂಡಿನವರಿಗೂ ಗೊತ್ತಾಗಿರಲಿಲ್ಲವಂತೆ. ಅಕ್ಕ ಕಾರಿನಿಂದ ಕೋಡುಬಳೆಯ ಡಬ್ಬಿ ತರಿಸಿ, ಮೊದಲು ಡೋಲಿನವರ ಕೈಗೆ ಹಾಕಿದರು. “ಖಾರ ಇದೆ ಅಂತ ಹೇಳೋ ಅವರಿಗೆ” ಎಂದರು. ಅವನು ಹೇಳುವಷ್ಟರಲ್ಲಿ ಅವರು ಎರಡನೆಯದಕ್ಕೆ ಕೈ ಚಾಚಿದ್ದರು.